ಎಳ್ಳ ಅಮಾವಾಸ್ಯೆಯಂದು ಗಾಲ್ಫ್ ಕೋಲು ಹಿಡಿದದ್ದು

ನಾನು ಗಾಲ್ಫ್ ಕೋಲನ್ನು ಖಣಿಯೊಳಕ್ಕೆ ಎಸೆದದ್ದು 1955ರ ಕ್ರಿಸ್‌ಮಸ್ ದಿನ ಎಂದು ಭಂಕೂರದ ನನ್ನ ಸೋದರತ್ತೆಯ ಮಗ ಇಂದಿಗೂ ವಾದಿಸುತ್ತಾನೆ. ‘ಎಸೆದದ್ದು’ ಎಂಬ ಮಾತಿಗೇ ನನ್ನ ಆಕ್ಷೇಪವಿದೆ. ಅದು ಮುಂದೆ ಬರುತ್ತದೆ. ಮೊದಲು ತೇದಿ. ಅಂದು ಎಳ್ಳ ಅಮಾವಾಸ್ಯೆಯಾಗಿತ್ತೆಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಪಂಚಾಂಗ ತೆರೆದು ನೋಡಿದರೆ 1955ನೆಯ ಇಸವಿಯಲ್ಲಿ ಎಳ್ಳ ಅಮಾವಾಸ್ಯೆಯೇ ಬರಲಿಲ್ಲ. ಜಯ ಸಂವತ್ಸರದ್ದು 1954ರ ಡಿಸೆಂಬರ್ 25ರ ಶನಿವಾರ ಬಂದುಹೋಯಿತು. ಅದರ ಮುಂದಿನದು 1956ರ ಜನವರಿಗೆ ಜಾರಿತು. ನಡುವಿನ ಇಡೀ ವರ್ಷ ಬರಿದು. 1954ರ ಆ ದಿನ ಸೂರ್ಯಗ್ರಹಣವೂ ಇತ್ತು. ನಮ್ಮ ಕಡೆ ಕಾಣುವಂಥದ್ದಲ್ಲವಾದ್ದರಿಂದ ಊರಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಆದರೆ ತೇದಿಗೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಇದನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು ಭಾವನಿಗೆ ಕೊಟ್ಟೆ. ಅವನು ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದ.

"ಏ ಪಂಡಿತ, ಪಂಚಾಂಗದಾಗ ಏನರ ಇರಲಿ. ಖಣ್ಯಾಗ ಇಳದು ಕೋಲು ತಗದವ ನಾನು."

ಅದು ನಿಜ. ಆದ್ದರಿಂದ ತೇದಿಯನ್ನು ನನ್ನ ಹೊಣೆಯಾಗಿಯೂ ಕೋಲನ್ನು ಅವನ ಹೊಣೆಯಾಗಿಯೂ ಇಟ್ಟುಕೊಂಡು ಈ ವೃತ್ತಾಂತವನ್ನು ದಾಖಲಿಸುತ್ತಿದ್ದೇನೆ.

ಆಗ ನಾನು ಶಹಾಬಾದಿನ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಸುಣ್ಣಕಲ್ಲಿನ ಪರೀಕ್ಷಕ. ಹುಟ್ಟೂರು ಕಾಗಿಣಾ ದಂಡೆಯ ದಂಡೋತಿ, ಶಾಲೆ ಕಲಿತದ್ದು ಸೇಡಂನಲ್ಲಿ, ಕಾಲೇಜು ಹೈದರಾಬಾದಿನಲ್ಲಿ, ವಾಸ ಮಾತ್ರ ಭಂಕೂರದ ಅತ್ತೆಯ ಮನೆಯಲ್ಲಿ. ಪೊಲೀಸ್ ಕಾರ್ಯಾಚರಣೆ ನಡೆದು ಆರು ವರ್ಷ ಕಳೆದಿದ್ದರೂ ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕದ ತಲೆಬರಹಗಳು ಇನ್ನೂ ಉರ್ದುವಿನಲ್ಲಿದ್ದವು. ಅವುಗಳ ಕೆಳಗೆ ನಾನು ಇಂಗ್ಲಿಷಿನಲ್ಲಿ ಅಂಕಿ ತುಂಬುತ್ತಿದ್ದೆ, ಮನಸ್ಸಿನಲ್ಲಿ ಎಣಿಸುವುದು ಕನ್ನಡದಲ್ಲಿ. ಕಾರ್ಖಾನೆಯ ದೊಡ್ಡ ಸಾಹೇಬರು ವಿಲಾಯತಿಯಿಂದ ಬಂದ ಎಂಜಿನಿಯರು. ಕೆಂಪು ಮುಖದ, ಉದ್ದ ಕಾಲಿನ, ನಗಲು ನೆಪ ಹುಡುಕುತ್ತಿದ್ದ ಮನುಷ್ಯ. ಭಂಕೂರದ ಕಡೆಯ ಒಂದಿಷ್ಟು ಹೊಲವನ್ನು ಕಾರ್ಖಾನೆ ಗುತ್ತಿಗೆಗೆ ಪಡೆದಿತ್ತು. ಅದರ ಮೇಲೆ ಸಾಹೇಬರು ಒಂಬತ್ತು ಕುಳಿಗಳ ಗಾಲ್ಫ್ ಮೈದಾನ ಮಾಡಿಸಿದ್ದರು. ಹಸಿರು ಹುಲ್ಲಿನ ಹಾಸಿಗೆ ನಮ್ಮ ಬಿಸಿಲಿಗೆ ಬಾಳುವುದಿಲ್ಲವಾದ್ದರಿಂದ ಪ್ರತಿ ಕುಳಿಯ ಸುತ್ತ ಎಣ್ಣೆ ಬೆರೆಸಿ ಗಟ್ಟಿಸಿದ ಮರಳಿನ ದುಂಡು ಅಂಗಳ. ಉಳಿದದ್ದೆಲ್ಲ ಕಾಚಿಹುಲ್ಲು, ಮುಳ್ಳು, ಅಲ್ಲಲ್ಲಿ ನೆಲದಿಂದ ಬೆನ್ನು ತೋರಿಸುವ ಫರಸಿ ಕಲ್ಲು. ಊರವರು ಇದನ್ನು ಸಾಹೇಬರ ಗಿಲ್ಲಿದಾಂಡು ಎನ್ನುತ್ತಿದ್ದರು. ತಪ್ಪೇನೂ ಇರಲಿಲ್ಲ.

ಮೊದಲ ಕುಳಿಯೇ ಕಠಿಣ. ಚೆಂಡು ಇಟ್ಟು ಹೊಡೆಯುವ ಕಟ್ಟೆಯ ಮುಂದೆ ಒಂದು ಹಳೆಯ ಕಲ್ಲಿನ ಖಣಿ. ಅಡ್ಡಗಲ ನೂರು ಹೆಜ್ಜೆಗೂ ಮಿಕ್ಕಿದ್ದು, ತಳದಲ್ಲಿ ಮಳೆಗಾಲದ ನೀರು ಹಸಿರುಗಟ್ಟಿ ನಿಂತಿತ್ತು. ಖಣಿಯ ಆಚೆ ಒಂದು ಬನ್ನಿಮರ. ಮರದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು. ಆ ಬನ್ನಿಮರದ ಹೊಲ ನನ್ನ ಅತ್ತೆಯದು. ತೀರಿಹೋದ ಮಾವ ಅದನ್ನು ಗುತ್ತಿಗೆಗೆ ಬರೆದುಕೊಟ್ಟಿದ್ದರು.

ಸುಣ್ಣಕಲ್ಲಿನ ಮಾದರಿ ಆಯಲು ಹೋದಾಗಲೆಲ್ಲ ನನಗೆ ಸಾಹೇಬರ ಕಳೆದುಹೋದ ಚೆಂಡುಗಳು ಸಿಗುತ್ತಿದ್ದವು. ಅವನ್ನು ತಂದುಕೊಟ್ಟ ಸೌಜನ್ಯಕ್ಕೆ ನನಗೊಂದು ಶಿಕ್ಷೆಯಾಯಿತು: ನಾಲ್ವರ ಆಟಕ್ಕೆ ಒಬ್ಬರು ಕಡಿಮೆಯಾದಾಗ ಸಾಹೇಬರು ನನ್ನನ್ನು ಕರೆದು ಕೈಗೊಂದು ಕೋಲು ಕೊಟ್ಟರು. ಕಬ್ಬಿಣದ ತಲೆ, ಚರ್ಮದ ಪಟ್ಟಿ ಸುತ್ತಿದ ಹಿಡಿಕೆ. ನಾನು ಅದನ್ನು ಬಾವಿಗೆ ಬಿದ್ದವನು ಹಗ್ಗ ಹಿಡಿದಂತೆ ಹಿಡಿದೆ. ಬೀಸಿದೆ. ಚೆಂಡು ನೆಲಕ್ಕೆ ಅಂಟಿಕೊಂಡೇ ಓಡಿ ಖಣಿಗೆ ಇಳಿಯಿತು, ನೀರು ಕುಡಿಯಲು ಹೋದ ಎಮ್ಮೆಯಂತೆ.

"ಢೀಲಾ ಪಕ್ಡೋ!" ಎಂದರು ಸಾಹೇಬರು. ಸಡಿಲ ಹಿಡಿ. ಅವರು ಕಲಿತಿದ್ದ ನಾಲ್ಕು ದಖನಿ ಮಾತುಗಳಲ್ಲಿ ಅದು ಒಂದು. ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುವಾಗಲೂ ಈ ಒಂದನ್ನು ಮಾತ್ರ ದಖನಿಯಲ್ಲೇ ಹೇಳುತ್ತಿದ್ದರು. ಸಡಿಲ ಹಿಡಿದೆ. ಹೊಡೆತಕ್ಕೆ ಕೋಲು ಅಂಗೈಯಲ್ಲೇ ತಿರುಗಿ, ಚೆಂಡು ಬಲಗಡೆಗೆ ಹಾರಿ, ಮೇಯುತ್ತಿದ್ದ ಕತ್ತೆಯೊಂದರ ಪಕ್ಕೆಗೆ ಬಡಿಯಿತು. ಕತ್ತೆ ತಲೆ ಎತ್ತಿ ನನ್ನನ್ನು ನೋಡಿತು. ಸಾಹೇಬರು ಹುಲ್ಲಿನ ಮೇಲೆ ಕುಳಿತು ನಕ್ಕರು.

ಬಿಗಿ ಹಿಡಿದರೆ ತೋಳು ಕಟ್ಟಿಗೆಯಾಗುತ್ತದೆ. ಸಡಿಲ ಹಿಡಿದರೆ ಕೋಲಿಗೆ ಸ್ವಾತಂತ್ರ್ಯ ಬರುತ್ತದೆ. ನಡುವೆ ಎಲ್ಲೋ ಸರಿಯಾದ ಒಂದು ಒತ್ತಡ ಇರಲೇಬೇಕು. ಇದ್ದರೆ ಅದನ್ನು ಅಳೆಯಬಹುದು. ಇಪ್ಪತ್ತನಾಲ್ಕರ ಪ್ರಾಯದ ಪರೀಕ್ಷಕನಿಗೆ ಇದಕ್ಕಿಂತ ಸುಂದರವಾದ ವಿಚಾರ ಇನ್ನೊಂದಿರಲಿಲ್ಲ. ಆದರೆ ಅದು ಆಟದ ವಿಚಾರವಾಗಿ ಉಳಿಯಲಿಲ್ಲ.

ಡಿಸೆಂಬರ್ ಮೊದಲ ವಾರದಲ್ಲಿ ಮೈದಾನದ ಬಾಗಿಲಿಗೆ ಒಂದು ಸೂಚನೆ ಅಂಟಿತು. ಕ್ರಿಸ್‌ಮಸ್ ದಿನ ದೊಡ್ಡ ಪಂದ್ಯ. ಹೈದರಾಬಾದಿನಿಂದಲೂ ಅತಿಥಿಗಳು ಬರುವವರಿದ್ದಾರೆ. ಬೆಳಿಗ್ಗೆ ಹತ್ತರಿಂದ ಸೂರ್ಯ ಇಳಿಯುವವರೆಗೆ ಹೊರಗಿನವರಿಗೆ ಪ್ರವೇಶವಿಲ್ಲ. ಸಂಜೆ ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು.

"ಅವತ್ತ ಎಳ್ಳ ಅಮಾಸಿ ಅದ."

"ಹೌದತ್ತೀ."

"ನನ್ನ ಚರಗ?"

ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು. ಎಳ್ಳ ಅಮಾವಾಸ್ಯೆಯಂದು ನಮ್ಮ ಭಾಗದ ಹೊಲಗಳೆಲ್ಲ ಬಸುರಿಯರು. ಸಜ್ಜೆ ರೊಟ್ಟಿ, ಕಡಬು, ಕಾಳು-ಸೊಪ್ಪು ಕೂಡಿಸಿ ಕುದಿಸಿದ ಬಜ್ಜಿ, ಜೋಳದ ನುಚ್ಚಿನ ಅನ್ನವಾದ ಬಾನ, ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೊಲಕ್ಕೆ ಹೋಗುತ್ತೇವೆ. ಐವರು ಅಣ್ಣತಮ್ಮಂದಿರೆಂದು ಭಾವಿಸಿ ಐದು ಕಲ್ಲಿಗೆ ಪೂಜೆ ಮಾಡುತ್ತೇವೆ. ಅಡಿಗೆಯನ್ನು ಕಲಸಿ ಹಿಡಿ ಹಿಡಿಯಾಗಿ ಹೊಲದ ತುಂಬ ಬೀಸಿ ಚೆಲ್ಲುತ್ತೇವೆ. ಅದೇ ಚರಗ. ಒಬ್ಬರು ಬೀಸುತ್ತಾ "ಹುಲ್ಲುಲ್ಲಿಗ್ಯೋ" ಎಂದು ಕೂಗಿದರೆ ಹಿಂದಿನವರೆಲ್ಲ ಅದೇ ಕೂಗಿಗೆ ಕೂಗು ಕೊಡಬೇಕು. ಆ ಕೂಗಿನ ಮೂಲವನ್ನು ನಾನು ಬಹಳ ಹುಡುಕಿದ್ದೇನೆ, ಸಿಕ್ಕಿಲ್ಲ. ಭೂಮಿ ಉಂಡ ಮೇಲೆ ನಾವು ಉಣ್ಣುವುದು.

ಅತ್ತೆ ಸೊಸೆಯಾಗಿ ಭಂಕೂರಕ್ಕೆ ಬಂದ ವರ್ಷದಿಂದ ಬನ್ನಿಮರದ ಹೊಲದ ಚರಗ ಒಮ್ಮೆಯೂ ತಪ್ಪಿರಲಿಲ್ಲ. ಹೊಲ ಮೈದಾನವಾದ ಮೇಲೂ ತಪ್ಪಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಅಂದು ಆಟವಿರಲಿಲ್ಲ, ಯಾರೂ ತಡೆದಿರಲಿಲ್ಲ.

"ಈಗ ಅಲ್ಲಿ ಬೆಳಿ ಎಲ್ಲದ ಯವ್ವಾ?" ಎಂದ ಭಾವ. "ಬರೇ ಹುಲ್ಲದ."

"ಹುಲ್ಲು ಬೆಳದರ ಭೂಮಿಗಿ ಹಸಿವಿ ಆಗಲ್ಲೇನೋ? ನೀ ಖಣ್ಯಾಗ ಕಲ್ಲು ಒಡದ ಬಂದ ದಿನ ಉಪಾಸ ಮಲಗ್ತಿ?"

ಗುತ್ತಿಗೆಯ ಪತ್ರವನ್ನು ಪೆಟ್ಟಿಗೆಯಿಂದ ತೆಗೆಸಿ ಓದಿದೆ. ಚಿತ್ತಾಪುರದಲ್ಲಿ ಬರೆಸಿದ ಸೊಗಸಾದ ಉರ್ದು. ನಾಲ್ಕು ಕಡೆಯ ಗಡಿ, ಬಾವಿಯ ಹಕ್ಕು, ಮರದ ಹಕ್ಕು, ಎಲ್ಲ ಇತ್ತು. ಹೊಲದ ಹಸಿವಿನ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಸಂಜೆಯಾದ ಮೇಲೆ ಚೆಲ್ಲಬಹುದಲ್ಲ ಎಂದು ಕೇಳಿದೆ. ಊರಿನ ಅಯ್ಯನವರು ಮೊದಲೇ ಹೇಳಿಬಿಟ್ಟಿದ್ದರಂತೆ: ಅಮಾವಾಸ್ಯೆ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಮುಗಿಯುತ್ತದೆ, ಚರಗ ಅದರೊಳಗೇ ಆಗಬೇಕು. (ನಾನು ಈಚೆಗೆ ಲೆಕ್ಕ ಹಾಕಿ ನೋಡಿದೆ. ಒಂದು ಗಂಟೆ ಮೂರು ನಿಮಿಷ. ಅಯ್ಯನವರಿಗೆ ನನ್ನ ನಮಸ್ಕಾರ.)

"ನೀ ಸಾಹೇಬನ ಕೂಡ ಆಡ್ತಿ. ನೀನೇ ಕೇಳು, ತಮ್ಮಾ," ಎಂದಳು ಅತ್ತೆ. ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ರಾತ್ರಿಯ ರೊಟ್ಟಿ ದಪ್ಪವಾಗಿದ್ದವು. ಅದು ಆಕೆಯ ದುಃಖದ ಗುರುತು.

ಸಾಹೇಬರು ನನ್ನ ಮಾತನ್ನು ಕೊನೆಯವರೆಗೆ ಕೇಳಿದರು. ಅತಿಥಿಗಳೆದುರು ಆಟ ನಿಲ್ಲಿಸುವುದು ಕಷ್ಟ ಎಂದರು. ಕಿಟಕಿಯಾಚೆ ನೋಡಿದರು. ಒಮ್ಮೆಲೇ ಮುಖದಲ್ಲಿ ಹಳೆಯ ನಗೆ ಹೊತ್ತಿಕೊಂಡಿತು.

"ಪಂದ್ಯದ ಮೊದಲ ಹೊಡೆತ ನಿಮ್ಮದು," ಎಂದರು. "ಒಂದೇ ಹೊಡೆತ. ಚೆಂಡು ಖಣಿ ದಾಟಿದರೆ ಆಟ ಅಲ್ಲೇ ನಿಲ್ಲುತ್ತದೆ. ನಿಮ್ಮ ಅತ್ತೆ ಒಳಗೆ ಬಂದು ಪೂಜೆ ಮುಗಿಸಲಿ. ದಾಟದಿದ್ದರೆ ಸಂಜೆಯವರೆಗೆ ಕಾಯಲಿ."

ಅಲ್ಲಿಯವರೆಗೆ ನನ್ನ ಒಂದು ಚೆಂಡೂ ಆ ಖಣಿಯನ್ನು ದಾಟಿರಲಿಲ್ಲ. ಇದು ಅವರಿಗೂ ಗೊತ್ತಿತ್ತು. ನಾನು ಒಪ್ಪಿಕೊಂಡು ಹೊರಬಂದೆ. ತಲೆಯೊಳಗೆ ಹಬ್ಬ: ಸರಿಯಾದ ಒತ್ತಡವನ್ನು ಕಂಡುಹಿಡಿಯಲು ಈಗ ಘನವಾದ ಕಾರಣವೊಂದು ಸಿಕ್ಕಿತ್ತು.

ಮೊದಲ ಪ್ರಯೋಗ ಪ್ರಯೋಗಾಲಯದ ಸ್ಪ್ರಿಂಗ್ ತ್ರಾಸಿನದು. ಅದನ್ನು ಹಿಡಿಕೆಗೆ ಕಟ್ಟಿ ಹಿಸುಕಿದೆ. ತ್ರಾಸು ಎಳೆತವನ್ನು ಅಳೆಯುತ್ತದೆ, ಹಿಸುಕುವುದನ್ನಲ್ಲ ಎಂಬ ಸತ್ಯ ನನಗೆ ಒಂದು ದಿನ ತಡವಾಗಿ ಹೊಳೆಯಿತು. ಎರಡನೆಯದರ ಬಗ್ಗೆ ಬರೆಯಲು ಇಂದಿಗೂ ನಾಚಿಕೆ. ಹಿಡಿಕೆಯ ಸುತ್ತ ಹಸಿ ಸಿಮೆಂಟ್ ಮೆತ್ತಿ, ಅದರ ಮೇಲೆ ಹಿಡಿದರೆ ಬೆರಳುಗಳ ಆಳ ಅಚ್ಚಾಗುತ್ತದೆ ಎಂದುಕೊಂಡೆ. ಅಚ್ಚಾಯಿತು. ಊಟಕ್ಕೆ ಹೋಗಿ ಮಲಗಿ ಎದ್ದು ಬರುವಷ್ಟರಲ್ಲಿ ಕಲ್ಲೂ ಆಯಿತು. ಸಿಮೆಂಟಿನ ಪರೀಕ್ಷೆಯನ್ನೇ ಕಸುಬು ಮಾಡಿಕೊಂಡವನಿಗೆ ಸಿಮೆಂಟ್ ಗಟ್ಟಿಯಾಗುತ್ತದೆಂಬುದು ಮರೆತುಹೋಗಿತ್ತು. ಭಾವ ಫರಸಿ ಸೀಳುವ ಉಳಿ ತಂದು ಅದನ್ನು ಒಡೆದ.

"ಇದರಾಗ ನಿನ್ನ ಬೆರಳು ಎಷ್ಟ ಛಂದ ಮೂಡ್ಯಾವ ನೋಡು. ನಿನ್ನ ಸಮಾಧಿ ಮ್ಯಾಲ ಇಡಮು."

ಮೂರನೆಯದು ಜೋಳದ ಹಿಟ್ಟು. ಬಿಸಿನೀರು ಹಾಕಿ ನಾದಿದ ಹಿಟ್ಟು ಅಚ್ಚನ್ನು ಹಿಡಿಯುತ್ತದೆ, ಕಲ್ಲಾಗುವುದಿಲ್ಲ. ಚರ್ಮ ಸುತ್ತಿದ ಕೋಲನ್ನು ಅಡಿಗೆಮನೆಯೊಳಗೆ ತರಕೂಡದೆಂದು ಅತ್ತೆ ಹಿಟ್ಟಿನ ಉಂಡೆಯನ್ನು ಹೊರಗಿನ ಕಟ್ಟೆಗೇ ತಂದುಕೊಟ್ಟಳು.

"ಕೋಲಿಗಿ ರೊಟ್ಟಿ ತಿನಿಸಾಕತ್ತೀಯೇನು?"

"ಬೆರಳಿನ ಒತ್ತಡ ಅಳೀಲಿಕತ್ತೀನಿ ಅತ್ತೀ."

"ಅಳಿ, ಅಳಿ. ನಿಮ್ಮಪ್ಪ ಇದಕ್ಕೇ ನಿನ್ನ ಹೈದ್ರಾಬಾದಿಗಿ ಕಳಿಸ್ಯಾನ."

ಎರಡು ವಾರ ಹೀಗೆ ನಡೆಯಿತು. ಬೆಳಿಗ್ಗೆ ಹಿಟ್ಟು ಮೆತ್ತಿ ಹಿಡಿದು ಬೆರಳುಗಳ ಆಳವನ್ನು ಅಳೆಯುತ್ತಿದ್ದೆ. ಬಳಿಕ ಹಿಟ್ಟು ಒರೆಸಿ, ಅದೇ ಹಿಡಿತದಲ್ಲಿ ಚೆಂಡು ಹೊಡೆದು ಹೆಜ್ಜೆ ಎಣಿಸುತ್ತಿದ್ದೆ. ಒಂದು ಕಡೆ ಆಳ, ಇನ್ನೊಂದು ಕಡೆ ದೂರ, ಎರಡೂ ನೋಟುಪುಸ್ತಕದಲ್ಲಿ. ಆಳ ಒಂದೇ ಇದ್ದರೂ ದೂರ ಒಂದೇ ಇರುತ್ತಿರಲಿಲ್ಲ. ಒಮ್ಮೆ ಹಿಟ್ಟನ್ನು ಒರೆಸದೆಯೇ ಬೀಸಿದೆ. ಅತ್ತೆ ಕಟ್ಟೆಯ ಮೇಲೆ ತೊಗರಿ ಆರಿಸುತ್ತಾ ಕುಳಿತಿದ್ದಳು. ಬೀಸಿದ ಮೇಲೆ ಆಕೆ ಕೋಲನ್ನು ತಾನೇ ಈಸಿಕೊಂಡು, ಚರ್ಮಕ್ಕೆ ಕೈ ತಾಕದಂತೆ, ಹಿಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಐವತ್ತು ವರ್ಷ ಹಿಟ್ಟು ನೋಡಿದ ಕಣ್ಣು.

"ನಿಂತಾಗ ಶರಣರಂಗ ಹಿಡೀತಿ, ತಮ್ಮಾ. ಮ್ಯಾಲ ಎತ್ತಿದಾಗ ದೆವ್ವ ಹೊಕ್ಕಂಗ ಹಿಡೀತಿ. ನೋಡು, ಒಂದು ಬೆರಳಿಂದು ಎರಡೆರಡು ಗುರ್ತ. ನಿನ್ನ ಹಂತ್ಯಾಕ ಎರಡು ಕೈ ಅಲ್ಲ, ನಾಕು ಕೈ ಅವ."

ನನ್ನ ಎರಡು ವಾರದ ಅಂಕಿಗಳೆಲ್ಲ ಆ ಕ್ಷಣದಲ್ಲಿ ಸತ್ತವು. ನಾನು ಅಳೆಯುತ್ತಿದ್ದದ್ದು ನಿಂತ ಕೈಯನ್ನು. ಚೆಂಡನ್ನು ಹೊಡೆಯುತ್ತಿದ್ದದ್ದು ಬೇರೊಂದು ಕೈ. ಒತ್ತಡ ಎಷ್ಟು ಎಂಬುದು ಪ್ರಶ್ನೆಯೇ ಅಲ್ಲ. ಎತ್ತುವಾಗ ಎಷ್ಟಿತ್ತೋ ಇಳಿಸುವಾಗಲೂ ಅಷ್ಟೇ ಇರಬೇಕು, ಅದೇ ಪ್ರಶ್ನೆ. ಸಂತೋಷದಿಂದ ನಾನು ಕಟ್ಟೆಯಿಂದ ಜಿಗಿದೆ. ತೊಗರಿಯ ಮೊರ ಮಗುಚಿತು.

"ಹಂಗಾದರ ಅಷ್ಟೇ ಇರೂಹಂಗ ಹೆಂಗ ಹಿಡೀಬೇಕತ್ತೀ?"

"ನನಗೇನ್ ಕೇಳ್ತಿ? ಸಣ್ಣಾವಿದ್ದಾಗ ದಂಡೋತ್ಯಾಗ ಎಷ್ಟ ಛಂದ ಚರಗ ಚೆಲ್ಲತಿದ್ದಿ! ಅವಾಗ ಕೈಗಿ ಯಾರು ಹೇಳತಿದ್ದರು?"

ಅದನ್ನು ನಾನು ಅವೈಜ್ಞಾನಿಕವೆಂದು ನೋಟುಪುಸ್ತಕದಲ್ಲಿ ಬರೆಯಲಿಲ್ಲ. ಬರೆಯದೆ ಬಿಟ್ಟದ್ದಕ್ಕೆ ಈಗ ವಿಷಾದವಿದೆ.

ಶನಿವಾರ ಬಂತು. ವಾಡಿಯಲ್ಲಿ ಗಾಡಿ ಬದಲಿಸಿ ಬಂದ ಅತಿಥಿಗಳು ಬಿಳಿ ಟೋಪಿ ಹಾಕಿಕೊಂಡು ಕಟ್ಟೆಯ ಸುತ್ತ ನಿಂತಿದ್ದರು. ಮುಳ್ಳುಬೇಲಿಯ ಆಚೆ, ಖಣಿಯ ಪಕ್ಕದ ದಾರಿಯಲ್ಲಿ, ಅತ್ತೆ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದಳು. ಹಿಂದೆ ಓಣಿಯ ಹೆಂಗಸರು ಏಳೆಂಟು ಮಂದಿ, ಇಳಕಲ್ಲ ಸೀರೆ ಉಟ್ಟು, ಪ್ರತಿಯೊಬ್ಬರ ತಲೆಯ ಮೇಲೂ ಬಟ್ಟೆ ಮುಚ್ಚಿದ ಬುಟ್ಟಿ. ಭಾವ ಹೆಗಲಿಗೆ ಅಂಬಲಿಯ ಮಗಿ ಇಟ್ಟುಕೊಂಡು ಹಲ್ಲು ಕಿರಿಯುತ್ತಿದ್ದ. ಸಾಹೇಬರು ಅತಿಥಿಗಳಿಗೆ ಷರತ್ತನ್ನು ವಿವರಿಸಿದರು. ಒಬ್ಬ ಹೆಂಗಸು ಚಪ್ಪಾಳೆ ತಟ್ಟಿದಳು. ಬಜ್ಜಿಯ ಬೆಳ್ಳುಳ್ಳಿ ವಾಸನೆ ಗಾಳಿಯ ಮೇಲೆ ಕಟ್ಟೆಯವರೆಗೂ ಬಂತು.

ನಾನು ಕೋಲು ಹಿಡಿದೆ. ಎರಡು ವಾರದ ವಿದ್ಯೆಯೆಲ್ಲ ಬೆರಳಿಗೆ ಬಂದು ನಿಂತಿತು, ಅದೇ ತೊಂದರೆಯಾಯಿತು. ಗೆಣ್ಣುಗಳು ಸುಣ್ಣದಂತೆ ಬಿಳುಪಾದವು. ಬಿಟ್ಟೆ, ಮತ್ತೆ ಹಿಡಿದೆ. ಮತ್ತೆ ಬಿಟ್ಟೆ.

"ಏ ಪಂಡಿತ, ಹೊಡೀತಿಯೋ, ಅಂಬಲಿ ಹುಳಿ ಆಗಲಿ ಅಂತ ಕಾಯ್ತಿಯೋ?" ಭಾವನ ಕೂಗು.

ಕೊನೆಗೆ ಕೋಲನ್ನು ಎತ್ತಿದೆ. ಎರಡೂ ತೋಳು ಬಲಭುಜದ ಮೇಲಕ್ಕೆ, ಸೊಂಟ ತಿರುಗಿ, ಒಂದು ಹಿಮ್ಮಡಿ ನೆಲ ಬಿಟ್ಟು. ಅತಿಥಿಗಳಿಗೆ ಅದು ಗಾಲ್ಫ್. ಬೇಲಿಯಾಚೆಯ ಹೆಂಗಸರಿಗೆ ಆ ಭಂಗಿಗೆ ಅಮಾವಾಸ್ಯೆಯ ದಿನ ಒಂದೇ ಅರ್ಥ: ಚರಗ. ಹೊಲದಂಚಿನಲ್ಲಿ ನಿಂತ ಮನುಷ್ಯ ಬಲಗೈ ಹಿಂದಕ್ಕೆ ಬೀಸಿ ಎತ್ತಿದ್ದಾನೆ. ಯೋಚಿಸುವ ಮೊದಲೇ ಎಂಟು ಗಂಟಲು ಒಟ್ಟಿಗೆ ತೆರೆದವು:

"ಹುಲ್ಲುಲ್ಲಿಗ್ಯೋ!"

ಆ ಕೂಗಿಗೆ ನನ್ನ ಕೈ ಉತ್ತರ ಕೊಟ್ಟಿತು. ಕೈ ಎನ್ನುತ್ತೇನೆ, ಏಕೆಂದರೆ ನಾನು ಆಗ ಅಲ್ಲಿರಲಿಲ್ಲ. ದಂಡೋತಿಯ ನಮ್ಮ ಹೊಲದಲ್ಲಿ ಅಪ್ಪನ ಮುಂದೆ ನಡೆಯುತ್ತಿದ್ದೆ. ಚರಗದ ಹಿಡಿಯನ್ನು ಹಿಸುಕಿದರೆ ಉಂಡೆಯಾಗಿ ಒಂದೇ ಕಡೆ ಧೊಪ್ಪನೆ ಬೀಳುತ್ತದೆ. ಬಿಟ್ಟು ಹಿಡಿದರೆ ಬೆರಳ ಸಂದಿನಿಂದ ಕಾಲ ಮೇಲೇ ಸುರಿಯುತ್ತದೆ. ಅನ್ನ ನಲುಗಬಾರದು, ಚೆಲ್ಲಲೂ ಬಾರದು. ಬೀಸಿನ ಉದ್ದಕ್ಕೂ ಹಾಗೆಯೇ ಇರಬೇಕು. ಅದು ನನಗೆ ಐದು ವರ್ಷದವನಿದ್ದಾಗಲೇ ಬರುತ್ತಿತ್ತು. ಕೋಲು ಇಳಿಯಿತು. ಚೆಂಡು ತಾಗಿದ್ದು ನನಗೆ ತಿಳಿಯಲೇ ಇಲ್ಲ, ಒಂದು ಸಣ್ಣ ಟಕ್ ಎಂಬ ಸದ್ದು ಮಾತ್ರ. ಚೆಂಡು ಖಣಿಯ ಮೇಲೆ ಏರಿತು, ಇನ್ನೂ ಏರಿತು, ಬಿಸಿಲಲ್ಲಿ ಕರಗಿಹೋಯಿತು.

ಆದರೆ ಚರಗದ ಬೀಸಿಗೆ ಒಂದು ಕೊನೆಯಿದೆ. ಕೈ ಮುಂದಕ್ಕೆ ಬಂದಾಗ ಬೆರಳುಗಳು ತೆರೆದುಕೊಳ್ಳಬೇಕು. ಇಲ್ಲವಾದರೆ ಭೂಮಿಗೆ ಮುಟ್ಟುವುದು ಹೇಗೆ? ನನ್ನ ಬೆರಳುಗಳು ತೆರೆದುಕೊಂಡವು. ಸಾಹೇಬರ ಕೋಲು ಚೆಂಡಿನ ಹಿಂದೆಯೇ ಹಾರಿತು. ಅದು ಗಾಳಿಯಲ್ಲಿ ಮೂರೋ ನಾಲ್ಕೋ ಸುತ್ತು ತಿರುಗಿದ್ದನ್ನು ಎಲ್ಲರೂ ತಲೆ ಎತ್ತಿ ನೋಡಿದೆವು. ಚೆಂಡಿನಷ್ಟು ದೂರ ಹೋಗುವ ಬಲ ಅದಕ್ಕಿರಲಿಲ್ಲ. ಖಣಿಯ ನಟ್ಟನಡುವೆ, ಹಸಿರು ನೀರಿಗೆ, ಅದು ಗೌರವದಿಂದ ಇಳಿಯಿತು.

ಎಸೆಯಲಿಲ್ಲ. ಚೆಲ್ಲಿದೆ. ಭಾವನಿಗೆ ನಾನು ಹೇಳುತ್ತಾ ಬಂದಿರುವುದು ಇಷ್ಟೇ.

ಹೈದರಾಬಾದಿನ ಅತಿಥಿಯೊಬ್ಬರು, ಕೋಲು ಕಳೆದುಕೊಂಡವನ ಹೊಡೆತ ಸಲ್ಲುವುದೋ ಇಲ್ಲವೋ ಎಂದು ಸಂಶಯ ಎತ್ತಿದರು. ಅತ್ತೆ ಬುಟ್ಟಿಯ ಕೆಳಗಿಂದ ನನ್ನನ್ನೇ ನೋಡುತ್ತಿದ್ದಳು. ಸಾಹೇಬರು ಕಣ್ಣೊರೆಸಿಕೊಳ್ಳುತ್ತಿದ್ದರು; ನಗೆಯ ನೀರು ಮೀಸೆಯವರೆಗೆ ಇಳಿದಿತ್ತು.

"ಷರತ್ತು ಚೆಂಡಿನದು," ಎಂದರು ಕೊನೆಗೆ. "ಕೋಲು ಎಲ್ಲಿ ಹೋಗಬೇಕೆಂದು ನಾನು ಹೇಳಿರಲಿಲ್ಲ." ಆಮೇಲೆ ಬೇಲಿಯ ಕಡೆ ತಿರುಗಿ ಟೋಪಿ ತೆಗೆದರು. ಕಾವಲುಗಾರ ಬೇಲಿಯ ಮುಳ್ಳನ್ನು ಸರಿಸಿದ.

ಸಮಯ ಹತ್ತೂಕಾಲು. ಅಮಾವಾಸ್ಯೆ ಇನ್ನೂ ಎರಡೂಮುಕ್ಕಾಲು ಗಂಟೆ ಉಳಿದಿತ್ತು.

ಖಣಿ ಸುತ್ತುಹಾಕಿ ಬನ್ನಿಮರದ ಹತ್ತಿರ ಹೋದೆವು. ಚೆಂಡನ್ನು ಹುಡುಕಬೇಕಾಗಲಿಲ್ಲ. ಅದು ಉರುಳಿ ಉರುಳಿ ಹೋಗಿ, ಸುಣ್ಣ ಬಳಿದ ಐದು ಕಲ್ಲುಗಳ ಪಕ್ಕದಲ್ಲಿ, ಸಾಲು ತಪ್ಪದೆ ನಿಂತಿತ್ತು. ಅದೂ ಬಿಳಿ, ಅವೂ ಬಿಳಿ. ಅತ್ತೆ ಬುಟ್ಟಿ ಇಳಿಸಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

"ಐದು ಮಂದಿಗಿ ಒಬ್ಬ ಹಿರಿ ಅಣ್ಣ ಇರ್ತಾನ. ಅವ ಯಾವಾಗಲೂ ತಡಾ ಮಾಡೇ ಬರ್ತಾನ," ಎಂದಳು. ಐದು ಕಲ್ಲಿಗೆ ವಿಭೂತಿ ಹಚ್ಚಿದ ಬೆರಳು ಆರನೆಯದಕ್ಕೂ ಹೋಯಿತು. ಹೂವು ಏರಿತು. ಮುಂದೆ ಒಂದು ಕಡಬು ಬಿತ್ತು.

ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ನಿಮ್ಮ ಎರಡನೆಯ ಹೊಡೆತ?"

"ಆ ಚೆಂಡನ್ನು ಈಗ ಹೊಡೆಯಲಾಗುವುದಿಲ್ಲ, ಸರ್."

"ಸಂಜೆಗೆ?"

"ಸಂಜೆಗೂ ಇಲ್ಲ."

ಅವರು ಬಹಳ ಗಂಭೀರವಾಗಿ ತಲೆಯಾಡಿಸಿದರು. ಅಂದಿನ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ, ಮೊದಲ ಕುಳಿಯ ಮನೆಯಲ್ಲಿ, ಅವರೇ ಬರೆದ ‘1’ ಮಾತ್ರ ಇದೆ. ಆ ಆಟ ಇಂದಿಗೂ ಮುಗಿದಿಲ್ಲ.

ಅತ್ತೆ ಅಡಿಗೆ ಕಲಸಿದಳು. ಮುಂದೆ ಆಕೆ, ಹಿಂದೆ ನಾವು. ಹುಲ್ಲಿನ ಮೇಲೆ, ಮುಳ್ಳಿನ ಮೇಲೆ, ಎಣ್ಣೆ ಬೆರೆಸಿ ಗಟ್ಟಿಸಿದ ಮರಳಿನ ಅಂಗಳದ ಮೇಲೆ, ಕುಳಿಯೊಳಗೆ ಕೂಡ, ಚರಗ ಬಿತ್ತು. ಪ್ರತಿ ಬೀಸಿಗೂ ಕೂಗು. ಎರಡನೆಯ ಸುತ್ತಿಗೆ ಬಿಳಿ ಟೋಪಿಯವರೂ ಕೂಗತೊಡಗಿದರು. ಉಚ್ಚಾರ ಕೆಟ್ಟದಾಗಿತ್ತು, ಉತ್ಸಾಹ ಚೆನ್ನಾಗಿತ್ತು. ಸಾಹೇಬರು ತಮಗೂ ಒಂದು ಹಿಡಿ ಬೇಕೆಂದರು. ಅತ್ತೆ ಕೊಟ್ಟಳು. ಅವರು ಅದನ್ನು ಬಿಗಿಯಾಗಿ ಮುಷ್ಟಿ ಕಟ್ಟಿ, ಎಡಗಾಲು ಮುಂದಿಟ್ಟು, ಇಡೀ ಬಲದಿಂದ ಬೀಸಿದರು. ಉಂಡೆ ನೇರ ಹೋಗಿ, ಖಣಿಯಿಂದ ಆಗಷ್ಟೇ ಕೋಲು ಹಿಡಿದು ಮೇಲೆ ಬರುತ್ತಿದ್ದ ಭಾವನ ಎದೆಗೆ ಬಡಿಯಿತು. ಭಾವನ ಒದ್ದೆ ಧೋತರದ ಮಡಿಲಲ್ಲಿ, ನಾನು ತಿಂಗಳುಗಟ್ಟಲೆ ಆ ನೀರಿಗೆ ಒಪ್ಪಿಸಿದ್ದ ಚೆಂಡುಗಳೂ ಇದ್ದವು.

ಅತ್ತೆ ಸಾಹೇಬರ ಮಣಿಕಟ್ಟು ಹಿಡಿದು ಅಲ್ಲಾಡಿಸಿದಳು. ಆಕೆ ಆ ಒಂದು ದಖನಿ ಮಾತನ್ನು ಯಾವಾಗ ಕಲಿತಳೋ ನನಗೆ ತಿಳಿಯದು. ಬೇಲಿಯಾಚೆಯಿಂದ ಎಷ್ಟೋ ಸಂಜೆ ಕೇಳಿಸಿಕೊಂಡಿರಬೇಕು.

"ಢೀಲಾ, ಸಾಹೇಬ್ರ, ಢೀಲಾ! ಭೂಮಿಗಿ ಉಣಸಾಕತ್ತೀರಿ, ಹೊಡ್ಯಾಕತ್ತಿಲ್ಲ."

ಆಮೇಲೆ ಎಲ್ಲರೂ ಬನ್ನಿಮರದ ನೆರಳಿಗೆ ಕುಳಿತೆವು. "ಬರ್ರಿ, ಕುಂದ್ರಿ, ಉಣ್ರಿ," ಎಂದು ಹೆಂಗಸರು ಟೋಪಿಯವರನ್ನೆಲ್ಲ ಕೂರಿಸಿದರು. ಪಂದ್ಯ ಮತ್ತೆ ಶುರುವಾದದ್ದು ಎಷ್ಟು ಹೊತ್ತಿಗೆಂದು ಖಚಿತವಾಗಿ ಹೇಳಲಾರೆ. ಬಜ್ಜಿಯೂ ಅಂಬಲಿಯೂ ಹೊಟ್ಟೆಗೆ ಇಳಿದ ಮೇಲೆ ಯಾರ ಚೆಂಡೂ ಖಣಿ ದಾಟಲಿಲ್ಲವೆಂದು ಮಾತ್ರ ಬಲ್ಲೆ.

ನನ್ನ ಹಿಟ್ಟಿನ ನೋಟುಪುಸ್ತಕ ಇನ್ನೂ ನನ್ನ ಬಳಿಯಿದೆ. ಕೊನೆಯ ಸಾಲಿನಲ್ಲಿ ತೇದಿ ಬರೆದಿಲ್ಲ, ದೂರ ಇದೆ. ಒತ್ತಡದ ಮನೆ ಖಾಲಿ. ಅನ್ನ ನಲುಗದಷ್ಟು, ಚೆಲ್ಲದಷ್ಟು ಎಂದು ಬರೆಯಬಹುದಿತ್ತು. ಅದಕ್ಕೆ ಅಳತೆಯ ಘಟಕ ಯಾವುದೆಂದು ತಿಳಿಯದೆ ಬಿಟ್ಟೆ.

ಮುಂದಿನ ಎಳ್ಳ ಅಮಾವಾಸ್ಯೆ, ಮೊದಲೇ ಹೇಳಿದಂತೆ, 1956ರ ಜನವರಿಯಲ್ಲಿ. ಆ ಸಲ ಮೈದಾನದಲ್ಲಿ ಪಂದ್ಯವಿರಲಿಲ್ಲ. ಬೇಲಿಯ ಮುಳ್ಳು ಹಿಂದಿನ ದಿನವೇ ಸರಿದಿತ್ತು. ಅತ್ತೆ ಆರು ಕಲ್ಲಿಗೆ ಸುಣ್ಣ ಬಳಿದಳು, ಅದರಲ್ಲೊಂದು ಕಲ್ಲಲ್ಲ. ಪೂಜೆ ಮುಗಿಯುವಷ್ಟರಲ್ಲಿ ಭಾವ ನನ್ನ ಮೊಣಕೈ ತಿವಿದ. ಬೇಲಿಯಾಚೆಯ ದಾರಿಯಲ್ಲಿ ಸಾಹೇಬರು ನಿಂತಿದ್ದರು. ಟೋಪಿ ಕೈಯಲ್ಲಿತ್ತು. ತಮ್ಮದೇ ಮೈದಾನಕ್ಕೆ ಕಾಲಿಡದೆ ಕಾಯುತ್ತಿದ್ದರು.

ಅತ್ತೆ ಅವಸರ ಮಾಡಲಿಲ್ಲ. ಆರನೆಯವನ ಮುಂದೆ ಕಡಬು ಇಟ್ಟು, ಸೆರಗು ಸರಿಪಡಿಸಿಕೊಂಡು, ಎದ್ದು ನಿಂತು ಅವರನ್ನು ನೋಡಿದಳು.

"ಮೊದಲು ಕೈ ತೋರಸ್ರಿ," ಎಂದಳು.

ಸಾಹೇಬರು ಬೇಲಿಯ ಮೇಲಿಂದ ಬಲಗೈ ಚಾಚಿ ಬೆರಳುಗಳನ್ನು ಮೆಲ್ಲಗೆ ಮಡಚಿ ತೋರಿಸಿದರು, ಒಳಗೆ ಬಿಸಿ ಅನ್ನ ಇದ್ದವರಂತೆ. ಅತ್ತೆ ಒಂದು ಕ್ಷಣ ಪರೀಕ್ಷಿಸಿದಳು.

"ಹಾಂ. ಈಗ ಒಳಗ ಬರ್ರಿ."